ಪಿಎಸ್ ಐದರ ಆರ್ಡರ್

ಜುಗೂಳದ ಹಾಲಿನ ಡೇರಿಯಲ್ಲಿ ಬೆಳಿಗ್ಗೆ ಏಳಕ್ಕೆ ಬಂದ ಫೋನನ್ನು ಬುದ್ಧಿ ಇದ್ದವರು ಎತ್ತುವುದಿಲ್ಲ. ಕ್ಯಾನುಗಳು ಒಂದಕ್ಕೊಂದು ಬಡಿಯುತ್ತಿರುತ್ತವೆ, ಫ್ಯಾಟ್ ಕಡಿಮೆ ಬಂತೆಂದು ಯಾರಾದರೊಬ್ಬರು ಕೂಗಾಡುತ್ತಿರುತ್ತಾರೆ, ಹೊರಗೆ ಕಬ್ಬು ತುಂಬಿದ ಟ್ರ್ಯಾಕ್ಟರ್ ಒಂದು ಮರಾಠಿ ಹಾಡು ಹಾಕಿಕೊಂಡು ನಿಂತಿರುತ್ತದೆ. ಲಗಮಣ್ಣ ಎತ್ತಿದ. ನಿಪ್ಪಾಣಿಯಿಂದ ಮಗ ಅಮೋಲ.

“ಅಪ್ಪಾ, ಪಿಎಸ್ ಐದರ ಆರ್ಡರ್ ಬಂತು! ಕೊಲ್ಲಾಪುರದಿಂದ. ಈಗ ಗಡಿಬಿಡಿ ಐತಿ, ಸಂಜೀಕ ಫೋನ್ ಮಾಡ್ತೇನಿ.”

ಅಷ್ಟೇ. ಫೋನು ಕಟ್ಟಾಯಿತು.

ಅಮೋಲ ಹೇಳಿದ್ದರಲ್ಲಿ ಗೊಂದಲವೇನೂ ಇರಲಿಲ್ಲ. ಇಪ್ಪತ್ತೊಂಬತ್ತು ವರ್ಷದ ಅವನಿಗೆ ನಿಪ್ಪಾಣಿಯ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಒಂದು ಅಂಗಡಿ ಇದೆ. ಟಿವಿಗೆ ಜೋಡಿಸಿ ವಿಡಿಯೊ ಗೇಮ್ ಆಡುವ ಡಬ್ಬಿ, ಪ್ಲೇಸ್ಟೇಷನ್ ಅನ್ನುತ್ತಾರಲ್ಲ, ಅದನ್ನು ರಿಪೇರಿ ಮಾಡುತ್ತಾನೆ. ಆ ಡಬ್ಬಿಯಲ್ಲಿ ಒಂದನೆಯದರಿಂದ ಐದನೆಯದರವರೆಗೆ ಬಂದಿವೆ. ಆಡುವವರು ಮೊಟಕಾಗಿ ಪಿಎಸ್ ಎರಡು, ಪಿಎಸ್ ಮೂರು ಎನ್ನುತ್ತಾರೆ. ಕೊಲ್ಲಾಪುರದ ಗೇಮ್ ಪಾರ್ಲರಿನವರೊಬ್ಬರು ತಮ್ಮಲ್ಲಿದ್ದ ಹನ್ನೆರಡು ಪಿಎಸ್ ಐದನ್ನು ಬಿಚ್ಚಿ ಸ್ವಚ್ಛ ಮಾಡಿಕೊಡುವ ಆರ್ಡರ್ ಕೊಟ್ಟಿದ್ದರು. ಅಂಗಡಿ ತೆರೆದ ಮೇಲೆ ಬಂದ ಮೊದಲ ದೊಡ್ಡ ಕೆಲಸ.

ಲಗಮಣ್ಣ ಎದೆಗೆ ಹಾಕಿಕೊಂಡದ್ದು ಬೇರೆ: ‘ಪಿಎಸ್‌ಐದ ಆರ್ಡರ್ ಬಂತು.’ ನಡುವಿನ ಒಂದು ‘ರ’ ಎಲ್ಲೋ ಬಿದ್ದುಹೋಯಿತು, ಕೊಲ್ಲಾಪುರವೂ ಅದರ ಬೆನ್ನಿಗೇ ಬಿತ್ತು. ‘ರ’ ಬಿದ್ದರೆ ಏನು ಉಳಿಯುತ್ತದೆ? ಪೊಲೀಸ್ ಸಬ್‌ಇನ್ಸ್‌ಪೆಕ್ಟರ್ ಉಳಿಯುತ್ತಾನೆ.

ಅಮೋಲ ಎರಡು ಸಲ ಪಿಎಸ್‌ಐ ಪರೀಕ್ಷೆ ಬರೆದಿದ್ದ. ಎರಡನೆಯ ಸಲ ಸ್ವಲ್ಪದರಲ್ಲೇ ತಪ್ಪಿತು. “ಸಾಕಪ್ಪಾ, ಇನ್ನ ನಾ ಬರಿಯಂಗಿಲ್ಲ,” ಎಂದು ಸ್ಪಷ್ಟವಾಗಿ ಹೇಳಿಯೇ ಅಂಗಡಿ ಹಾಕಿದ್ದ. ಆದರೆ ಕೃಷ್ಣೆಯ ದಂಡೆಯಲ್ಲಿ ಆರು ಎಕರೆ ಕಬ್ಬು ಇಟ್ಟುಕೊಂಡವನು, ನನ್ನ ಮಗ ಆಟದ ಸಾಮಾನು ರಿಪೇರಿ ಮಾಡುತ್ತಾನೆಂದು ಊರಲ್ಲಿ ಹೇಳಿಕೊಂಡು ತಿರುಗುವುದು ಹೇಗೆ? ನಾಲ್ಕು ವರ್ಷದಿಂದ ಲಗಮಣ್ಣನ ಉತ್ತರ ಒಂದೇ: “ನಿಪ್ಪಾಣ್ಯಾಗ ರೂಮ್ ಮಾಡ್ಯಾನ್ರಿ. ಅಭ್ಯಾಸ ನಡದೈತಿ.” ಅಂಗಡಿಯ ಕಡೆ ಅವನು ಒಮ್ಮೆಯೂ ಹಾಯ್ದಿರಲಿಲ್ಲ.

“ಏನಂತ ಕಾಕಾ?” ಎಂದು ಕೇಳಿದ ಡೇರಿಯ ಸೆಕ್ರೆಟರಿ ಜಕ್ಕಪ್ಪ.

“ಅಮೋಲಂದು… ಪಿಎಸ್‌ಐದ ಆರ್ಡರ್ ಬಂತಂತ.”

ಕ್ಯಾನಿನ ಸದ್ದು ನಿಂತಿತು. ಫ್ಯಾಟಿನ ಜಗಳ ನಿಂತಿತು. ಟ್ರ್ಯಾಕ್ಟರಿನವನೂ ಹಾಡು ಬಂದ್ ಮಾಡಿದ. ಜಕ್ಕಪ್ಪ ಯಾರದೋ ಹಾಲನ್ನು ಅಳೆಯದೆಯೇ ಚಹಾಕ್ಕೆ ಇಟ್ಟ. ಆ ಹಾಲು ಯಾರದೆಂದು ಇವತ್ತಿಗೂ ಇತ್ಯರ್ಥವಾಗಿಲ್ಲ.

ಸಂಜೆ ಅಮೋಲ ಫೋನ್ ಮಾಡುವ ಹೊತ್ತಿಗೆ ಲಗಮಣ್ಣನ ಅಂಗಳದಲ್ಲಿ ಹದಿನೈದು ಜನ ಕೂತಿದ್ದರು. ಸಾಹೇಬರ ದನಿ ಎಲ್ಲರಿಗೂ ಕೇಳಲಿ ಎಂದು ಜಕ್ಕಪ್ಪ ಫೋನನ್ನು ಬೋರಲಿಟ್ಟ ಕೊಡದ ಮೇಲಿಟ್ಟು ಸ್ಪೀಕರ್ ಹಚ್ಚಿದ.

“ಅಮೋಲಾ, ಆರ್ಡರ್ ಬಂತಲ್ಲ, ಈಗ ಹೆಂಗ ಐತಿ ಎಲ್ಲ? ಬಿಡಿಸಿ ಹೇಳು,” ಅಂದ ಲಗಮಣ್ಣ.

ನಾಲ್ಕು ವರ್ಷದಲ್ಲಿ ಅಪ್ಪ ಕೆಲಸದ ವಿಚಾರ ಕೇಳಿದ್ದು ಇದೇ ಮೊದಲು.

“ಖರೇನ ಹೇಳ್ಲೇನಪ್ಪಾ?” ಅಮೋಲನ ದನಿ ಏರಿತು. “ಮೊದಲ ಬಾಡಿ ಭಾಳ ದಪ್ಪ ಇತ್ತು. ಈಗ ಸ್ಲಿಮ್ ಮಾಡ್ಯಾರ. ಒಂದ ಕಿಲೋದ ಮ್ಯಾಲ ತೂಕ ಇಳಿಸ್ಯಾರ.”

“ಟ್ರೇನಿಂಗಿನ್ಯಾಗ ಓಡಸ್ತಾರ,” ಎಂದು ಜಕ್ಕಪ್ಪ ಸಭೆಗೆ ವಿವರಿಸಿದ.

ತಾಯಿ ಚನ್ನವ್ವ ಕೊಡದ ಹತ್ತಿರ ಸರಿದಳು. “ಯಪ್ಪಾ, ಬಿಸೀದ ಇರತೈತಿಲ್ಲೊ?”

“ಬಿಸಿ ಆಗಬಾರದ ಬೇ! ಬಿಸಿ ಆತಂದ್ರ ಕಥಿ ಮುಗೀತು. ಎಷ್ಟ ತಂಪ ಇರತೈತಿ ಅಷ್ಟ ಚಲೋ.”

“ತಂಗಳಾ ಹಾಕಾಕತ್ತಾರ ನನ್ನ ಕೂಸಿಗೆ!” ಎಂದು ಚನ್ನವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

“ಮತ್ತ ಡಿಸ್ಕ್ ಹಾಕೋ ಭಾಗ ಐತಲ್ಲಪ್ಪಾ, ಅದನ್ನ ತಗದ ಬಿಡಾಕ ಬರತೈತಿ ಈಗ. ಬೇಕಾದವರು ಆಮ್ಯಾಲ ಹಚ್ಚಿಸ್ಕೋಬಹುದು.”

ಗದ್ದಲದಲ್ಲಿ ‘ಡಿಸ್ಕ್’ ಮತ್ತು ‘ತಗದ’ ಎರಡೇ ಕೇಳಿದವು. ಮೂಲೆಯಲ್ಲಿ ಕೂತಿದ್ದ ಮುದುಕಿ ತುಳಸವ್ವ ತನ್ನ ಸೊಂಟ ಮುಟ್ಟಿ ನೋಡಿಕೊಂಡಳು. “ನಂದೂ ತಗದಾರಪ್ಪಾ, ಮಿರಜ ದವಾಖಾನ್ಯಾಗ. ಮತ್ತ ಹಚ್ಚಲಿಲ್ಲ,” ಅಂದಳು.

“ಪ್ರಮೋಷನ್ ಕೇಳ್ರಿ, ಪ್ರಮೋಷನ್,” ಎಂದು ಜಕ್ಕಪ್ಪ ತಿವಿದ.

“ಅಮೋಲಾ, ಆ ಪ್ರೊ… ಪ್ರೊ ಯಾವಾಗೋ?”

“ಅಪ್ಪಾ! ಪ್ರೊ ನಿನಗ ಹೆಂಗ ಗೊತ್ತು?” ಹುಡುಗ ಹಿಗ್ಗಿ ಕೂಗಿಯೇಬಿಟ್ಟ. “ಅದು ಇದರ ಮ್ಯಾಲಿಂದು. ಹೋದ ವರ್ಷ ಬಂದೈತಿ. ನನ್ನ ಕೈಗೆ ಇನ್ನೂ ಬಂದಿಲ್ಲ. ಇವತ್ತಿಲ್ಲ ನಾಳೆ ಬರತೈತಿ. ಅಪ್ಪಾ… ನೀ ಕೇಳಿದೆಲ್ಲ, ಭಾಳ ಚಲೋ ಅನಸ್ತು ನೋಡು.”

ಈ ಕೊನೆಯ ಮಾತು ಯಾರಿಗೂ ಕೇಳಲಿಲ್ಲ. ಅಷ್ಟರಲ್ಲಿ ಚಪ್ಪಾಳೆ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಲಗಮಣ್ಣ ಹೊಲಕ್ಕೆ ಹೋದರೆ, ಬಾಜು ಹೊಲದ ಬಾಹುಬಲಿ ಸಲಿಕೆ ಹಿಡಿದು ಬದು ಕಡಿಯುತ್ತಿದ್ದ. ಈ ಬದುವಿನ ಕಥೆ ಇಷ್ಟೇ: ಆರು ವರ್ಷದ ಹಿಂದಿನ ಮಳೆಗಾಲದಲ್ಲಿ ಅದು ಲಗಮಣ್ಣನ ಕಡೆಗೆ ಎರಡು ಮೊಳ ನಡೆದುಬಂದಿತ್ತು. ಬದು ತಾನಾಗಿ ನಡೆಯುವುದಿಲ್ಲವೆಂದು ಲಗಮಣ್ಣ, ಮಳೆಗೆ ಏನು ಬೇಕಾದರೂ ಆಗುತ್ತದೆಂದು ಬಾಹುಬಲಿ. ಸರ್ವೇಯವರು ಎರಡು ಸಲ ಬಂದು, ಇಬ್ಬರ ಮನೆಯಲ್ಲೂ ಚಹಾ ಕುಡಿದು, ಚೈನು ಸುತ್ತಿಕೊಂಡು ಹೋಗಿದ್ದರು.

“ಏನ್ ಮಾಡಾಕತ್ತಿ ಬಾಹುಬಲಿ?”

“ಏನಿಲ್ಲ ಲಗಮಣ್ಣಾ. ಬದು ಮೊದಲಿಂದ ಇಲ್ಲೇ ಇತ್ತಲ್ಲ. ಒಂದೀಟ ಮಣ್ಣ ಸರದಿತ್ತು, ಸ್ವಚ್ಛ ಮಾಡಾಕತ್ತೇನಿ.” ಬೆವರು ಒರೆಸಿಕೊಂಡು ಕೇಳಿದ: “ಸಾಹೇಬ್ರ ಯಾವಾಗ ಬರ್ತಾರ?”

ನಿನ್ನೆಯವರೆಗೆ ‘ನಿನ್ನ ಮಗಾ’ ಆಗಿದ್ದವನು ‘ಸಾಹೇಬ್ರ’ ಆಗಿದ್ದ. ಲಗಮಣ್ಣ ಬದುವನ್ನು ನೋಡಿದ, ಸಲಿಕೆಯನ್ನು ನೋಡಿದ. “ರವಿವಾರ,” ಅಂದ. ಅಮೋಲ ಯಾವ ವಾರವನ್ನೂ ಹೇಳಿರಲಿಲ್ಲ.

ರವಿವಾರ ಎಂಬ ಮಾತು ಹೊಲದಿಂದ ಊರಿಗೆ ಲಗಮಣ್ಣನಿಗಿಂತ ಮೊದಲು ಮುಟ್ಟಿತು. ಪಂಚಾಯಿತಿ ಅಧ್ಯಕ್ಷೆ ರಾಜೇಶ್ವರಿಬಾಯಿ ಸತ್ಕಾರ ಸಮಾರಂಭ ಗೊತ್ತು ಮಾಡಿದರು. ಅಕ್ಕೋಳದಿಂದ ಚನ್ನವ್ವನ ತಮ್ಮ ಭರತ ಓಡಿಬಂದು, ಅಥಣಿಯ ಕಡೆ ಒಂದು ಕನ್ಯೆ ಇದೆಯೆಂದೂ ಹುಡುಗನ ಬೆನ್ನಿನ ಡಿಸ್ಕಿನ ಸಂಗತಿಯನ್ನು ಅವರಿಗೆ ಸದ್ಯಕ್ಕೆ ಹೇಳುವುದು ಬೇಡವೆಂದೂ ಸೂಚಿಸಿದ. ಕಾಗವಾಡದಲ್ಲಿ ಬ್ಯಾನರ್ ತಯಾರಾಯಿತು. ಅಮೋಲನ ಹಳೆಯ ಹಾಲ್‌ಟಿಕೆಟ್ಟಿನ ಮುಖವನ್ನು ಯಾವುದೋ ಧಡೂತಿ ಪೊಲೀಸನ ಮೈಗೆ ಅಂಟಿಸಿದ್ದರು. ಹೆಗಲ ಮೇಲೆ ಮೂರು ನಕ್ಷತ್ರ.

“ಪಿಎಸ್‌ಐಗೆ ಎರಡ ಅಲ್ಲೇನ್ರಿ?” ಎಂದು ಯಾರೋ ಕೇಳಿದರು.

“ಪ್ರೊ ಇವತ್ತಿಲ್ಲ ನಾಳೆ ಬರತೈತಿ ಅಂತ ಅಂವನ ಹೇಳ್ಯಾನ. ಆವಾಗ ಮತ್ತೊಂದ ಬ್ಯಾನರ್ ಯಾರ್ ಮಾಡಸ್ತಾರ?” ಅಂದ ಜಕ್ಕಪ್ಪ. ಈ ದೂರದೃಷ್ಟಿಗೆ ಎಲ್ಲರೂ ತಲೆದೂಗಿದರು.

ಗುರುವಾರ ಮಧ್ಯಾಹ್ನ ಬೀಟಿನ ಪೊಲೀಸ್ ವಿಶ್ವಾಸ ಬಂದ. ಇದೇ ಊರಿನ ಭರಮುವಿನ ಮಗ, ಶಿಸ್ತಿನ ಹುಡುಗ. ಬಾಗಿಲಲ್ಲೇ ನಿಂತು ಕೇಳಿದ, “ಕಾಕಾ, ಅಮೋಲಣ್ಣಂದು ಯಾವ ಬ್ಯಾಚ್ ರಿ?”

“ಐದು,” ಅಂದ ಲಗಮಣ್ಣ. ಫೋನಿನಲ್ಲಿ ಎಲ್ಲೋ ಐದು ಎಂಬುದು ಬಂದಿತ್ತೆಂದು ಅವನ ನೆನಪು.

“ಐದು ಹೆಂಗಾತ್ರಿ? ಈ ಸಲದ ಲಿಸ್ಟ್ ಇನ್ನೂ ಬಂದಿಲ್ಲ. ನಾನೂ ಬರದೇನಿ ಪರೀಕ್ಷೆ. ದಿನಾ ಎದ್ದ ಕೂಡ್ಲೆ ಅದನ್ನ ನೋಡ್ತೇನಿ.” ವಿಶ್ವಾಸನ ಮುಖದಲ್ಲಿ ಅನುಮಾನ ಇರಲಿಲ್ಲ, ಆತಂಕ ಇತ್ತು. “ಲಿಸ್ಟ್ ಬಂದು ನನಗ ಗೊತ್ತಾಗಲಿಲ್ಲೇನು? ಅಣ್ಣನ ನಂಬರ್ ಕೊಡ್ರಿ, ಕೇಳ್ತೇನಿ.”

“ಅಂವಾ… ಬಿಜಿ ಅದಾನಪ್ಪ. ಅದು ಬ್ಯಾರೆ ಲಿಸ್ಟು.”

“ಬ್ಯಾರೆ ಲಿಸ್ಟ್ ಇರತೈತ್ರಿ?”

“ಇರತೈತಿ.”

ವಿಶ್ವಾಸ ತಲೆ ಕೆಳಗೆ ಹಾಕಿಕೊಂಡು ಮೋಟರ್‌ಸೈಕಲ್ ಹತ್ತಿದ. ಬೇರೆ ಲಿಸ್ಟೊಂದು ಇದೆ, ಅದರಲ್ಲಿ ತನ್ನ ಹೆಸರಿಲ್ಲ ಎಂದು ಅವನು ನಂಬಿಬಿಟ್ಟಿದ್ದ. ಲಗಮಣ್ಣ ಎಮ್ಮೆಯ ಹತ್ತಿರ ಹೋಗಿ ಕೂತ. ಲಿಸ್ಟೇ ಬಂದಿಲ್ಲವೆಂದ ಮೇಲೆ, ಬಿದ್ದುಹೋಗಿದ್ದ ‘ರ’ ಈಗ ತಿರುಗಿ ಬಂದಿತ್ತು. ಚನ್ನವ್ವ ತಂದಿಟ್ಟ ಚಹಾ ಆರಿ ಕೆನೆ ಕಟ್ಟಿತು. ಆಮೇಲೆ ಎದ್ದು, ಅಂಗಿಯ ಗುಂಡಿ ಹಾಕಿಕೊಂಡು, ಜಕ್ಕಪ್ಪನಿಗೆ ಎಲ್ಲ ಹೇಳಿಬಿಡುವುದೆಂದು ಡೇರಿಗೆ ಹೊರಟ.

ಡೇರಿಯಲ್ಲಿ ಜಕ್ಕಪ್ಪ ಒಂದು ಹಗ್ಗ ತೆಗೆದುಕೊಂಡು ಲಗಮಣ್ಣನ ತಲೆಯ ಸುತ್ತಳತೆ ಹಿಡಿದ. “ಅಲ್ಲಾಡಬ್ಯಾಡ್ರಿ ಕಾಕಾ. ರವಿವಾರ ನಿಮಗ ಕೇಸರಿ ಫೇಟಾ. ಜುಗೂಳದಾಗ ಇಲ್ಲೀತನಕ ಮಂತ್ರಿಗಳಿಗಷ್ಟ ಸುತ್ತೇವಿ.” ಲಗಮಣ್ಣ ಅಲ್ಲಾಡಲಿಲ್ಲ. ಬಾಯಿಯೂ ಅಲ್ಲಾಡಲಿಲ್ಲ. ಸುತ್ತಳತೆ ಕೊಟ್ಟು ಮನೆಗೆ ಬಂದ.

ರವಿವಾರ ಹತ್ತೂವರೆಯ ಬಸ್ಸಿಗೆ ಅಮೋಲ ಇಳಿದ. “ಊರಾಗ ಕಾರ್ಯಕ್ರಮ ಐತಿ, ಬಾ” ಎಂದಷ್ಟೇ ಅಪ್ಪ ಹೇಳಿದ್ದ. ಕೊಲ್ಲಾಪುರದ ಹನ್ನೆರಡರಲ್ಲಿ ಒಂದು ಡಬ್ಬಿ ಇನ್ನೂ ಸರಿಯಾಗಿರಲಿಲ್ಲವಾದ್ದರಿಂದ ಅದನ್ನು ಟಾವೆಲ್ಲಿನಲ್ಲಿ ಸುತ್ತಿ ಬಗಲಲ್ಲಿ ಹಿಡಿದು ತಂದಿದ್ದ. ಇಳಿದವನಿಗೆ ಎದುರಾದದ್ದು ಹತ್ತು ಅಡಿಯ ತಾನೇ, ಮೂರು ನಕ್ಷತ್ರದೊಂದಿಗೆ. ಹಲಗಿಯವರು ಬಾರಿಸತೊಡಗಿದರು. ತುಳಸವ್ವ ಎಲ್ಲರನ್ನೂ ಸರಿಸಿಕೊಂಡು ಬಂದು ಅವನ ಬೆನ್ನು ಸವರಿ, “ಭಾರಾ ಎತ್ತಬ್ಯಾಡೋ ಯಪ್ಪಾ,” ಅಂದಳು.

ಅಮೋಲ ಅಪ್ಪನ ಕೈ ಹಿಡಿದು ಪಂಚಾಯಿತಿ ಆಫೀಸಿನ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದ. ಕೇಸರಿ ಫೇಟಾದಲ್ಲಿ ಲಗಮಣ್ಣ ಮದುಮಗನ ಹಾಗೆ ಕಾಣುತ್ತಿದ್ದ.

“ಅಪ್ಪಾ, ನಾ ಫೋನಿನ್ಯಾಗ ಏನಂದಿದ್ನಿ?”

“ಪಿಎಸ್ ಐದರ ಆರ್ಡರ್ ಅಂದಿದ್ದಿ.”

“ಹೌದಲ್ಲ. ಹಂಗಾದ್ರ ಹೊರಗ ಏನಿದು?”

ಲಗಮಣ್ಣ ಗೋಡೆಯ ಮೇಲಿನ ಪೋಲಿಯೊ ಹಾಕಿಸಿರೆಂಬ ಬೋರ್ಡನ್ನು ಪೂರ್ತಿ ಓದಿದ. ಆಮೇಲೆ, “ಮೊದಲನೇ ದಿನ ಖರೇನ ತಪ್ಪಾತು. ಗುರುವಾರಕ್ಕ ತಿಳೀತು,” ಅಂದ.

“ಮೂರ ದಿನ ಆತು?”

“ಆತು.”

ಅಮೋಲ ಸಿಟ್ಟಾಗುತ್ತಾನೆಂದು ಲಗಮಣ್ಣ ಕಾದ. ಹುಡುಗ ಡಬ್ಬಿಯನ್ನು ಟೇಬಲ್ಲಿನ ಮೇಲೆ ಮೆಲ್ಲಗೆ ಇಟ್ಟ. “ಆವತ್ತ ನೀ ಬಿಡಿಸಿ ಹೇಳು ಅಂದಿ, ಅವ್ವ ಬಿಸಿ ಆಗತೈತೇನು ಅಂದ್ಳು, ಪ್ರೊ ಯಾವಾಗ ಅಂದಿ. ನಮ್ಮಪ್ಪ ಎಲ್ಲೆರೆ ಓದಿ ತಿಳಕೊಂಡಾನ ಅಂತ ನಾ ಬಾಜು ಅಂಗಡಿಯವರಿಗೆಲ್ಲ ಹೇಳಿದ್ನಪ್ಪಾ. ಪೇಢೆ ಹಂಚಿದ್ನಿ.”

ಹೊರಗೆ ಮೈಕಿನಲ್ಲಿ ರಾಜೇಶ್ವರಿಬಾಯಿ ಸಾಹೇಬರನ್ನು ವೇದಿಕೆಗೆ ಕರೆಯುತ್ತಿದ್ದರು. ಅಮೋಲ ಬಾಗಿಲ ಕಡೆ ಹೊರಟ. ಲಗಮಣ್ಣ ಅವನನ್ನು ಹಿಂದೆ ಹಾಕಿ ತಾನೇ ಹೊರಗೆ ಬಂದು, ಮೆಟ್ಟಿಲು ಹತ್ತಿ, ಅಧ್ಯಕ್ಷೆಯ ಕೈಯಿಂದ ಮೈಕ್ ತೆಗೆದುಕೊಂಡ. ಆಯುಷ್ಯದಲ್ಲಿ ಮೊದಲ ಸಲ ಮೈಕ್ ಹಿಡಿದಿದ್ದ; ಅದನ್ನು ಫೋನಿನಂತೆ ಕಿವಿಗೆ ಹಚ್ಚಿದ. ಜಕ್ಕಪ್ಪ ಓಡಿಬಂದು ಬಾಯಿಗೆ ಸರಿಸಿದ.

“ನನ್ನ ಮಗ ಪಿಎಸ್‌ಐ ಆಗಿಲ್ಲ,” ಅಂದ ಲಗಮಣ್ಣ.

ಹಲಗಿಯವನೊಬ್ಬ ಅಭ್ಯಾಸಬಲದಿಂದ ಎರಡು ಪೆಟ್ಟು ಹಾಕಿ ನಿಲ್ಲಿಸಿದ.

“ಅಂವಾ ಗೇಮ್ ರಿಪೇರಿ ಮಾಡ್ತಾನ. ಪಿಎಸ್ ಐದು ಅನ್ನೋದು ಒಂದ ಮಷೀನಿನ ಹೆಸರು. ‘ಐದರ ಆರ್ಡರ್’ ಅಂತ ಹೇಳಿದ್ದ. ಅದರಾಗಿನ ‘ರ’ ನನಗ ಕೇಳಿತ್ರಿ. ಕೇಳಿಲ್ಲ ಅಂದ್ರ ಸುಳ್ಳಾಗತೈತಿ. ನನಗ ಬ್ಯಾಡಾಗಿತ್ತು, ಬಿಟ್ಟೆ. ಆಮ್ಯಾಲ ವಿಶ್ವಾಸ ಬಂದು ಕೇಳಿದಾಗ, ಬ್ಯಾರೆ ಲಿಸ್ಟ್ ಐತಿ ಅಂತ ಹೇಳಿದ್ನಿ. ಯಾವ ಲಿಸ್ಟೂ ಇಲ್ಲಪ್ಪಾ ವಿಶ್ವಾಸ. ನಿಂದು ಇನ್ನೂ ಬರೋದೈತಿ.”

ಗುಂಪಿನ ಅಂಚಿನಲ್ಲಿ ಡ್ಯೂಟಿಗೆ ನಿಂತಿದ್ದ ವಿಶ್ವಾಸ ಒಮ್ಮೆ ದೊಡ್ಡ ಉಸಿರು ಬಿಟ್ಟ. ಇಡೀ ಸಭೆಯಲ್ಲಿ ಆ ಭಾಷಣದಿಂದ ಹಗುರಾದವನು ಅವನೊಬ್ಬನೇ.

ಲಗಮಣ್ಣ ಫೇಟಾ ತೆಗೆಯಲು ಹೋದ. ಜಕ್ಕಪ್ಪ ಅಷ್ಟು ಬಿಗಿಯಾಗಿ ಸುತ್ತಿಸಿದ್ದರಿಂದ ಅದು ಬರಲಿಲ್ಲ. ಹಾಗೇ ನಿಂತು ಬಾಹುಬಲಿಯನ್ನು ಹುಡುಕಿದ. “ಬಾಹುಬಲಿ, ನಿನ್ನ ಬದು ನೀ ಬೇಕಾದಲ್ಲಿ ಇಟ್ಕೋ. ಪೊಲೀಸಂತ ಅಂಜಿ ಸರಿಸಿದ್ದು ನನಗ ಬ್ಯಾಡ.”

ಎಲ್ಲರೂ ಬಾಹುಬಲಿಯತ್ತ ತಿರುಗಿದರು. ಅವನ ಸ್ಥಿತಿ ಸೂಕ್ಷ್ಮವಾಗಿತ್ತು. ಸರಿಸುತ್ತೇನೆ ಎಂದರೆ, ಮೊದಲು ಸರಿಸಿದವನು ಯಾರೆಂಬ ಪ್ರಶ್ನೆ ಬರುತ್ತದೆ.

“ಯಾವ ಬದು?” ಅಂದ ಬಾಹುಬಲಿ. “ಅದು ಮೊದಲಿಂದ ಅಲ್ಲೇ ಐತಿ.” ಹೀಗೆ, ಸರ್ವೇ ಇಲಾಖೆಯಿಂದ ಆಗದ ಕೆಲಸ ಅಲ್ಲಿಗೆ ಕಾಯಂ ಆಯಿತು.

ಕೆಲವರು ನಕ್ಕರು. ಅಕ್ಕೋಳದ ಭರತ ಚಪ್ಪಲಿ ಹುಡುಕತೊಡಗಿದ. ಆಗ ತುಳಸವ್ವ ಎದ್ದು ನಿಂತಳು. “ಅಲ್ಲೋ ಅಮೋಲಾ, ಹಂಗಾದ್ರ ಡಿಸ್ಕ್ ತಗದದ್ದು ಯಾರಿಗೆ?”

ಅಮೋಲ ಒಳಗಿನಿಂದ ಡಬ್ಬಿ ತಂದು ಸತ್ಕಾರದ ಟೇಬಲ್ಲಿನ ಮೇಲೆ, ತೆಂಗಿನಕಾಯಿಗಳ ನಡುವೆ ಇಟ್ಟ. “ಇದಕ್ಕ ಅಜ್ಜಿ,” ಅಂದ. ಅವನಿಗೆ ಭಾಷಣ ಬರುವುದಿಲ್ಲ. ತುಳಸವ್ವನಿಗೆ ಹೇಳುವ ಹಾಗೆಯೇ ಹೇಳಿದ.

“ಇದರಾಗ ಮೊದಲನೇದು ತೊಂಬತ್ನಾಕರಾಗ ಜಪಾನಿನ್ಯಾಗ ಬಂತು, ನಾ ಹುಟ್ಟೋಕಿಂತ ಮೊದಲ. ಎರಡನೇದು ಎರಡ ಸಾವಿರದಾಗ. ಮೂರನೇದು ಎರಡ ಸಾವಿರದ ಆರು, ನಾಕನೇದು ಹದಿಮೂರು, ಇದು ಇಪ್ಪತ್ತು. ಪ್ರತಿ ಸಲ ಹಂಗ ಅಜ್ಜಿ, ಮೊದಲ ದಪ್ಪಗ ಬರತೈತಿ, ಒಂದಿಷ್ಟ ವರ್ಷ ಹೋದ್ರ ಅದ ಮಷೀನು ಸಣ್ಣಾಗಿ ಬರತೈತಿ. ಸಣ್ಣ ಆಗಬೇಕಂದ್ರ ಏನೋ ಒಂದ ಬಿಡಬೇಕಾಗತೈತಿ. ಮೂರನೇದರ ಮೊದಲ ಮಾಡೆಲಿನ್ಯಾಗ ಎರಡನೇದರ ಆಟ ನಡೀತಿದ್ವು. ಆಮ್ಯಾಲಿನ ಮಾಡೆಲಿನ್ಯಾಗ ಅದನ್ನ ತಗದ್ರು.”

“ಹಂಗಾದ್ರ ಹಳೇ ಆಟ ಇದ್ದವ್ರು?”

“ಹಳೇ ಮಷೀನ್ ಬಿಡಂಗಿಲ್ಲ. ಕೆಟ್ರ ನನ್ನ ಕಡೆ ತರ್ತಾರ. ನಿಪ್ಪಾಣ್ಯಾಗ ಒಬ್ಬಾಕಿ ಬೀಡಿ ಕಟ್ಟೋ ಮೌಶಿ ಅದಾಳ. ಮಗಗ ಅಂತ ತಗೊಂಡಿದ್ದು, ಎರಡನೇದು, ದಪ್ಪಂದು. ಮಗ ದೊಡ್ಡಾಂವಾಗಿ ಆಡೂದ ಬಿಟ್ಟ. ಈಗ ಆಕಿನ ಆಡ್ತಾಳ, ಗಾಡಿ ಓಡಸೋ ಆಟ. ಬೀಡಿ ಕಟ್ಟಿ ಕಟ್ಟಿ ಬೆರಳ ಅಷ್ಟ ಚುರುಕ ಅದಾವ, ನಾ ಒಮ್ಮೇನೂ ಗೆದ್ದಿಲ್ಲ. ಅದರ ಸಾಮಾನು ಎಲ್ಲೂ ಸಿಗಂಗಿಲ್ಲ. ಸತ್ತ ಮೂರು ಮಷೀನ್ ಹುಡುಕಿ ತಂದು ಅದನ್ನ ಒಂದ ಜೀವಂತ ಇಟ್ಟೇನಿ.”

ಈಗ ಯಾರೂ ನಗಲಿಲ್ಲ. ಜಕ್ಕಪ್ಪ ಟೇಬಲ್ಲಿನ ಹತ್ತಿರ ಬಂದು, “ಅಮೋಲಾ, ಡೇರೀದ ಫ್ಯಾಟ್ ಅಳಿಯೋ ಮಷೀನ್ ಒಂದಿಷ್ಟ ನೋಡ್ತೀಯೇನು?” ಎಂದು ಕೇಳಿದ. ಆ ಮಷೀನನ್ನು ರಿಪೇರಿ ಮಾಡಬಾರದೆಂದೂ, ಮಾಡಲೇಬೇಕೆಂದೂ ಸಭೆಯಲ್ಲಿ ಕೂಡಲೇ ಎರಡು ಪಕ್ಷಗಳಾದವು.

ಶಾಲು ಉಳಿದಿತ್ತು. ತಂದ ಶಾಲನ್ನು ಯಾರಿಗಾದರೂ ಹೊದಿಸಲೇಬೇಕೆಂದು ರಾಜೇಶ್ವರಿಬಾಯಿ ಪಟ್ಟು ಹಿಡಿದರು. ಲಗಮಣ್ಣ ಒಲ್ಲೆ ಅಂದ, ಅಮೋಲ ನಕ್ಕು ಹಿಂದೆ ಸರಿದ. ಕೊನೆಗೆ ಅದನ್ನು ಪ್ಲಾಸ್ಟಿಕ್ಕಿನಲ್ಲಿ ಮಡಚಿ ಪಂಚಾಯಿತಿ ಕಪಾಟಿನಲ್ಲಿ ಇಡುವುದೆಂದು, ವಿಶ್ವಾಸನ ಲಿಸ್ಟ್ ಬರುವವರೆಗೆ ಕೀಲಿ ಅಧ್ಯಕ್ಷೆಯ ಹತ್ತಿರವೇ ಇರುವುದೆಂದು ಠರಾವಾಯಿತು.

ಮರುದಿನ ಬೆಳಗಿನ ಬಸ್ಸಿಗೆ ಅಮೋಲ ಹೊರಟಾಗ ಲಗಮಣ್ಣ ತೊಳೆದ ಅಂಗಿ ತೊಟ್ಟು ಸ್ಟ್ಯಾಂಡಿನಲ್ಲಿ ಮೊದಲೇ ನಿಂತಿದ್ದ. ಎಲ್ಲಿಗೆಂದು ಮಗ ಕೇಳಲಿಲ್ಲ. ಬಸ್ಸು ಬಂದಾಗ ಲಗಮಣ್ಣ ಅವನ ಬಗಲಿನಿಂದ ಡಬ್ಬಿ ಇಸಿದುಕೊಂಡು, ಕಿಟಕಿಯ ಸೀಟು ಅವನಿಗೆ ಬಿಟ್ಟು, ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಚಿಕ್ಕೋಡಿ ಇನ್ನೂ ದೂರವಿತ್ತು. ಎದುರಿನ ಸೀಟಿನಲ್ಲಿ ಮೆಂತ್ಯದ ಗಂಟು ಇಟ್ಟುಕೊಂಡ ಹೆಂಗಸೊಬ್ಬಳು ಟಾವೆಲ್ಲಿನ ಗಂಟನ್ನು ಬಹಳ ಹೊತ್ತು ನೋಡಿ ಕೇಳಿದಳು, “ಏನ್ರಿ ಯಜಮಾನ್ರ ಅದು?”

ಲಗಮಣ್ಣ ಟಾವೆಲ್ ಬಿಚ್ಚಿದ. “ಇದಕ್ಕ ಪ್ಲೇಸ್ಟೇಷನ್ ಅಂತಾರವಾ. ಟಿವಿಗೆ ಹಚ್ಚಿ ಆಡೂದು. ಇದು ಐದನೇದು, ಸ್ಲಿಮ್. ಇದಕ್ಕಿಂತ ಮೊದಲ ದಪ್ಪಂದಿತ್ತು. ಮೊಟ್ಟಮೊದಲನೇದು ಬಂದದ್ದು ಜಪಾನಿನ್ಯಾಗ, ತೊಂಬತ್ತಾರರಾಗ…”

“ತೊಂಬತ್ನಾಕು ಅಪ್ಪಾ,” ಅಂದ ಅಮೋಲ, ಕಿಟಕಿಯ ಕಡೆ ಮುಖ ಇಟ್ಟುಕೊಂಡೇ.

“ಹಾಂ, ತೊಂಬತ್ನಾಕು,” ಎಂದು ಲಗಮಣ್ಣ ಆ ಹೆಂಗಸಿನ ಕಡೆ ಬಾಗಿದ. “ಅಂವಗ ಗೊತ್ತಿರತೈತ್ರಿ. ನನ್ನ ಮಗ ಅಂವಾ. ಅದ ಅವನ ಕೆಲಸ.”